5/3/1 ಪ್ರೋಗ್ರಾಮ್: ಡೊಂಬಿವಲಿ ಜಿಮ್ಮಿನಲ್ಲಿ ಕಂಡ ಹಾಗೆ

ಯಾವುದೇ ಸ್ಟ್ರೆಂತ್ ಪ್ರೋಗ್ರಾಮ್ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಒಂದೇ: ಇದರಲ್ಲಿ ಹಗುರ ವಾರ ಎಲ್ಲಿದೆ? ಭಾರ ಏರಿಸಿ ಅಂತ ಎಲ್ಲರೂ ಬರೆಯುತ್ತಾರೆ. ಯಾವಾಗ ಇಳಿಸಬೇಕು ಅಂತ ಬರೆಯುವವರು ಕಡಿಮೆ. ಮುಂಬೈ ಹೊರವಲಯದ ಡೊಂಬಿವಲಿಯಿಂದ ಸಿಎಸ್‌ಎಂಟಿವರೆಗೆ ಲೋಕಲ್‌ನಲ್ಲಿ ನಿಂತು ಹೋಗಿ, ಬ್ಯಾಂಕಿನ ಕೆಲಸ ಮುಗಿಸಿ, ಮತ್ತೆ ನಿಂತು ಬಂದು, ಭಾರ ಹೊತ್ತು ಕೂತು ಏಳುವ ಸ್ಕ್ವಾಟ್ ಮಾಡುವ ನನ್ನಂಥ ಹೆಂಗಸಿಗೆ ಇದು ಸಣ್ಣ ವಿಷಯ ಅಲ್ಲ.

ಹಿಂದೆ ಒಂದು ಜಿಮ್ಮಿನಲ್ಲಿ 12 ವಾರದ ಪ್ಯಾಕೇಜ್ ಕೊಟ್ಟಿದ್ದರು. ದುಡ್ಡು ಬೇರೆ. ಹಾಳೆಯ ಮೇಲೆ ಮೂರು ಹಂತ, ಮೂರಕ್ಕೂ ದೊಡ್ಡ ದೊಡ್ಡ ಹೆಸರು. ಆದರೆ ನನ್ನ ಹಾಳೆಯಲ್ಲೂ ಪಕ್ಕದ ಕಾಲೇಜು ಹುಡುಗನ ಹಾಳೆಯಲ್ಲೂ ಬರೆದಿದ್ದ ಭಾರ ಒಂದೇ. ಒಂದು ದಿನ ತಪ್ಪಿದರೆ ಏನು ಮಾಡಬೇಕು ಅಂತ ಕೇಳಿದೆ. 'ತಪ್ಪಿಸಬೇಡಿ ಮ್ಯಾಡಮ್' ಅಂದರು ಟ್ರೇನರ್. ಜುಲೈ ಮಳೆಗೆ ಹಳಿ ಮೇಲೆ ನೀರು ನಿಂತರೆ ಯಾರು ಏನು ಮಾಡಕ್ಕಾಗತ್ತೆ?

ಅಮೆರಿಕದ ಪವರ್‌ಲಿಫ್ಟರ್ ಜಿಮ್ ವೆಂಡ್ಲರ್ ಮಾಡಿದ 5/3/1 ನನಗೆ ಹಿಡಿಸಿದ್ದು ಇಲ್ಲೇ. ಅದು ಶುರುವಾಗುವುದೇ ನಿಮ್ಮ ಸ್ವಂತ ಬಲದ ಲೆಕ್ಕದಿಂದ. 60 ಕೆಜಿ ಹೊತ್ತು 5 ಸ್ಕ್ವಾಟ್ ಮಾಡುತ್ತೀರಿ ಅಂದುಕೊಳ್ಳಿ. ಹಾಗಾದರೆ ಒಂದೇ ಒಂದು ಸಲ ಮಾಡುವುದಾದರೆ ಸುಮಾರು 70 ಕೆಜಿ ಆಗುತ್ತದೆ. ಅದರಲ್ಲಿ 90 ಶೇಕಡಾ, ಅಂದರೆ 63 ಕೆಜಿ, ನಿಮ್ಮ ಟ್ರೇನಿಂಗ್ ಮ್ಯಾಕ್ಸ್. ಮುಂದಿನ ಲೆಕ್ಕ ಎಲ್ಲಾ ಈ 63ರ ಮೇಲೆ. ಮೊದಲ ವಾರ 65, 75, 85 ಶೇಕಡಾ ಭಾರಕ್ಕೆ ಐದೈದು ಸಲ. ಎರಡನೇ ವಾರ 70, 80, 90ಕ್ಕೆ ಮೂರು ಮೂರು ಸಲ. ಮೂರನೇ ವಾರ 75ಕ್ಕೆ ಐದು, 85ಕ್ಕೆ ಮೂರು, 95ಕ್ಕೆ ಒಂದು. ಈ ಮೂರೂ ವಾರ ಕೊನೆಯ ಸೆಟ್‌ನಲ್ಲಿ ಬರೆದದ್ದಕ್ಕಿಂತ ಜಾಸ್ತಿ ಆದರೆ ಮಾಡಬಹುದು. ನಾಲ್ಕನೇ ವಾರವೇ ಹಗುರ ವಾರ: 40, 50, 60 ಶೇಕಡಾ ಅಷ್ಟೇ. ಆಮೇಲೆ ಟ್ರೇನಿಂಗ್ ಮ್ಯಾಕ್ಸ್‌ಗೆ ಕಾಲು, ಬೆನ್ನಿನ ಎತ್ತುಗಳಲ್ಲಿ (ಸ್ಕ್ವಾಟ್, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್) 5 ಕೆಜಿ, ಕೈ, ಎದೆಯ ಎತ್ತುಗಳಲ್ಲಿ 2.5 ಕೆಜಿ ಸೇರಿಸಿ ಮತ್ತೆ ಮೊದಲಿಂದ.

ಆ ನಾಲ್ಕನೇ ವಾರ ನನಗೆ ತುಂಬಾ ಇಷ್ಟ. ಮೂರು ವಾರದ ದಣಿವು ಮೊಣಕಾಲಲ್ಲಿ, ಸೊಂಟದಲ್ಲಿ ಉಳಿದಿರುತ್ತದೆ. ಅದು ಇಳಿದ ಮೇಲೇ ಬಂದ ಬಲ ಕೈಗೆ ಸಿಗುವುದು. ಊರಿನ ಗರಡಿ ಮನೆಯಲ್ಲೂ ಕುಸ್ತಿ ಹತ್ತಿರ ಬಂದಾಗ ಸಾಮು ಕಡಿಮೆ ಮಾಡಿಸುತ್ತಿದ್ದರಲ್ವಾ, ಅದೇ ತಿಳಿವಳಿಕೆ. ನಂತರದ ದಿನಗಳಲ್ಲಿ ವೆಂಡ್ಲರ್ ಮೂರು ಮೂರು ವಾರದ ಎರಡು ಸುತ್ತು ಮುಗಿಸಿ 7ನೇ ವಾರ ಹಗುರ ಮಾಡುವ ಕ್ರಮವನ್ನೂ ಹೇಳಿದರು. ನಲವತ್ತು ದಾಟಿದವರಿಗೆ ಹಳೆಯ ಕ್ರಮವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ದಿನ ತಪ್ಪಿದರೂ ಇದು ಕೆಡುವುದಿಲ್ಲ. ಮಂಗಳವಾರದ ಡೆಡ್‌ಲಿಫ್ಟ್ ಗುರುವಾರ ಮಾಡಿ, ಸರದಿ ಮುಂದುವರಿಸಿ. ಗಣಪತಿ ಹಬ್ಬಕ್ಕೆ ಮನೆ ತುಂಬಾ ಜನ ಬಂದಾಗ ಹಗುರ ವಾರವನ್ನು ಅಲ್ಲಿಗೇ ತಂದಿಟ್ಟುಕೊಳ್ಳುತ್ತೇನೆ.

ಆದರೆ ಇದು 1000 ಪೌಂಡ್, ಅಂದರೆ ಸುಮಾರು 454 ಕೆಜಿ, ಸ್ಕ್ವಾಟ್ ಮಾಡಿದ ಮನುಷ್ಯ ಬರೆದ ಪ್ರೋಗ್ರಾಮ್. ಹೆಂಗಸರಿಗೆ ತೊಂದರೆ ಬರುವುದು ತಲೆ ಮೇಲೆ ಎತ್ತುವ ಓವರ್‌ಹೆಡ್ ಪ್ರೆಸ್‌ನಲ್ಲಿ. ಒಂದೇ ಸಲಕ್ಕೆ 30 ಕೆಜಿ ಎತ್ತುವವಳ ಟ್ರೇನಿಂಗ್ ಮ್ಯಾಕ್ಸ್ 27. ಅದರ 65 ಶೇಕಡಾ ಅಂದರೆ 17.5 ಕೆಜಿ. ಜಿಮ್ಮಿನ ದೊಡ್ಡ ರಾಡ್ ಒಂದೇ 20 ಕೆಜಿ ಇರುತ್ತದೆ! ಪ್ಲೇಟ್ ಹಾಕುವ ಮೊದಲೇ ಲೆಕ್ಕ ಮೀರಿ ಹೋಯಿತು. 2.5 ಕೆಜಿ ಏರಿಕೆಯೂ ಹಾಗೇ. ಟ್ರೇನಿಂಗ್ ಮ್ಯಾಕ್ಸ್ 80 ಕೆಜಿ ಇದ್ದವರಿಗೆ ಅದು ಮೂರು ಶೇಕಡಾ, 27 ಇದ್ದವಳಿಗೆ ಒಂಬತ್ತು. ಎರಡು ಸುತ್ತಿಗೊಮ್ಮೆ ಮಾತ್ರ ಏರಿಸಿ, ಇಲ್ಲವೇ ಅರ್ಧ ಕೆಜಿಯ ಸಣ್ಣ ಪ್ಲೇಟ್ ಜೋಡಿ ಕೊಂಡುಕೊಳ್ಳಿ. ನನ್ನ ಜೋಡಿ ಬ್ಯಾಗಿನಲ್ಲೇ ಇರುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ. ಮೊದಲ ಕೆಲವು ತಿಂಗಳು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಏರಿಸಲು ಮೈ ಒಪ್ಪುತ್ತದೆ. ಆಗ ತಿಂಗಳಿಗೊಮ್ಮೆ ಏರಿಸುತ್ತಾ ಕೂತರೆ ಸುಮ್ನೆ ಸಮಯ ಹಾಳು. ಪ್ರತಿ ಸಲವೂ ಏರಿಸುವ ಸಾದಾ ಲೀನಿಯರ್ ಪ್ರೋಗ್ರಾಮ್ ಮಾಡಿ. ಒಂದೇ ಭಾರದಲ್ಲಿ ಮತ್ತೆ ಮತ್ತೆ ಸಿಕ್ಕಿಕೊಂಡಾಗ ಇದಕ್ಕೆ ಬನ್ನಿ.

ಲೆಕ್ಕಕ್ಕೆ ಒಂದು ನೋಟ್‌ಬುಕ್ ಸಾಕು, ಆ್ಯಪ್‌ಗೆ ದುಡ್ಡು ಕೊಡಬೇಕಿಲ್ಲ. ಅದರ ಬದಲು ಜಿಮ್ಮಿಗೆ ವರ್ಷದ ಫೀಸು ಕಟ್ಟುವ ಮೊದಲು ಒಳಗೆ ಹೋಗಿ ನೋಡಿ: 15 ಕೆಜಿ ರಾಡ್ ಇದೆಯಾ, 1.25 ಕೆಜಿ ಪ್ಲೇಟ್ ಜೋಡಿ ಇದೆಯಾ? ಅತಿ ಚಿಕ್ಕ ಪ್ಲೇಟೇ 2.5 ಆಗಿದ್ದರೆ ಎರಡೂ ಕಡೆ ಸೇರಿ ಒಮ್ಮೆಗೆ 5 ಕೆಜಿ ಏರಬೇಕಾಗುತ್ತದೆ, ಆಗ ಈ ಪ್ರೋಗ್ರಾಮ್ ಅಲ್ಲಿ ನಡೆಯುವುದಿಲ್ಲ.