ರಿಲೇ ಇತ್ತು, ಫ್ಯೂಸ್ ಇರಲಿಲ್ಲ

ಹಳೆಯ ಕಾರಿಗೆ ಫಾಗ್ ಲ್ಯಾಂಪ್ ಹಾಕಿಸಿದವರು, ಹಾಕಿಸಬೇಕೆಂದಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಜುಲೈನಲ್ಲಿ ಚಾರ್ಮಾಡಿ ಘಾಟಿಯಲ್ಲಿ ನಮ್ಮ 1998ರ ಮಾರುತಿ 800 ಹೊತ್ತಿಕೊಳ್ಳುವುದೊಂದೇ ಬಾಕಿಯಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು ಇದ್ದರು. ಧರ್ಮಸ್ಥಳಕ್ಕೆ ಹೊರಟಿದ್ದೆವು.

ದೀಪ ಹಾಕಿಸಿ ಹದಿನೈದು ದಿನವಾಗಿತ್ತು, ಚಿಕ್ಕಮಗಳೂರಿನ ಒಂದು ಅಂಗಡಿಯಲ್ಲಿ. ತಲಾ 55 ವಾಟ್‌ನ ಎರಡು ದೀಪ. "ರಿಲೇ ಹಾಕುತ್ತೀರಿ ತಾನೆ?" ಎಂದು ನಾನೇ ಕೇಳಿದ್ದೆ. (ರಿಲೇ ಎಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಹರಿಸಿ, ನಿಲ್ಲಿಸುವ ಪುಟ್ಟ ಸಾಧನ.) "ಅದಿಲ್ಲದೆ ಕೊಡುತ್ತೇವೆಯೇ ಸಾರ್, ಧೈರ್ಯವಾಗಿ ಹೋಗಿ" ಎಂದರು. ರಿಲೇ ಹಾಕಿದ್ದರು, ಸುಳ್ಳು ಹೇಳಿರಲಿಲ್ಲ.

ಕೊಟ್ಟಿಗೆಹಾರ ದಾಟಿ ಇಳಿಜಾರು ಹಿಡಿದ ಮೇಲೆ ಮಂಜು ದಟ್ಟವಾಯಿತು, ಮಳೆಯೂ ಇತ್ತು. ಒಂದು ತಿರುವಿನಲ್ಲಿ ಹೊಸ ದೀಪಗಳು ಮಿಣುಕಿ ಆರಿದವು. ಅದರ ಹಿಂದೆಯೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ. ಸ್ವಿಚ್ ಆರಿಸಿದೆ, ಹೊಗೆ ನಿಲ್ಲಲಿಲ್ಲ. ಕಾರು ನಿಲ್ಲಿಸಿ ಕೀಲಿಯನ್ನೇ ತೆಗೆದೆ, ಆಗಲೂ ನಿಲ್ಲಲಿಲ್ಲ. ಕೀಲಿ ಕೈಯಲ್ಲಿದೆ, ಕಾರು ಒಳಗೊಳಗೇ ಸುಡುತ್ತಿದೆ. ಆ ಗಳಿಗೆಯನ್ನು ನಾನು ಮರೆಯಲಾರೆ.

ಅಮ್ಮನನ್ನೂ ಮಗಳನ್ನೂ ಮಳೆಯಲ್ಲೇ ಕೆಳಗಿಳಿಸಿ ಬಾನೆಟ್ ಎತ್ತಿದೆ. ಬ್ಯಾಟರಿಯಿಂದ ಹೊರಟ ಕೆಂಪು ವೈರಿನ ಹೊದಿಕೆ ಗುಳ್ಳೆಗುಳ್ಳೆಯಾಗಿ ಉಬ್ಬಿ, ಕರಗಿ ತೊಟ್ಟಿಕ್ಕುತ್ತಿತ್ತು. ಹಿಂದೆ ಬಂದ ಜೀಪಿನ ಚಾಲಕರು ಹತ್ತನೇ ನಂಬರಿನ ಸ್ಪ್ಯಾನರ್ ಹಿಡಿದು ಓಡಿ ಬಂದರು. "ವೈರ್ ಮುಟ್ಟಬೇಡಿ ಅಣ್ಣ, ಮೊದಲು ಬ್ಯಾಟರಿ ಬಿಡಿಸೋಣ" ಎಂದು ನೆಗೆಟಿವ್ ತುದಿಯನ್ನು ಕಳಚಿದರು. ಅವರಿಗೆ ನಾನು ಎಷ್ಟು ಋಣಿಯೆಂದು ಹೇಳಲು ಮಾತು ಸಾಲದು.

ಆದದ್ದು ಇಷ್ಟು. ರಿಲೇಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸಿದ್ದರು. ಹಾಗಾಗಿ ಬ್ಯಾಟರಿಯ ವೈರ್ ಇಂಜಿನ್ ಕಡೆಯಿಂದ ತಗಡಿನ ರಂಧ್ರದ ಮೂಲಕ ಒಳಗೆ ಬರಬೇಕಾಯಿತು. ಆ ರಂಧ್ರಕ್ಕೆ ರಬ್ಬರ್ ಬುಷ್ ಇರಲಿಲ್ಲ. ಹದಿನೈದು ದಿನ ಅಲುಗಾಡಿ ಅಲುಗಾಡಿ ತಗಡಿನ ಅಂಚು ಹೊದಿಕೆಯನ್ನು ಕೊಯ್ದಿತ್ತು. ಒಳಗಿನ ತಾಮ್ರ, ಬ್ಯಾಟರಿಯ ನೆಗೆಟಿವ್‌ಗೆ ಸೇರಿರುವ ಕಾರಿನ ತಗಡಿಗೆ ನೇರವಾಗಿ ತಗಲಿತ್ತು. ವೈರಿನ ಈ ಭಾಗ ಬ್ಯಾಟರಿಗೂ ರಿಲೇಗೂ ನಡುವಿನದು, ಸ್ವಿಚ್ಚಿಗೂ ಕೀಲಿಗೂ ಅದರ ಮೇಲೆ ಹಿಡಿತವೇ ಇಲ್ಲ. ರಿಲೇ ಕಾಪಾಡುವುದು ಸ್ವಿಚ್ಚನ್ನು. ವೈರನ್ನು ಕಾಪಾಡುವುದು ಫ್ಯೂಸ್. ಎರಡು ದೀಪಕ್ಕೆ ಒಟ್ಟು 110 ವಾಟ್, ಅಂದರೆ 12 ವೋಲ್ಟ್‌ನಲ್ಲಿ ಒಂಬತ್ತು ಆಂಪಿಯರ್ ಚಿಲ್ಲರೆ. ಬ್ಯಾಟರಿಯ ಹತ್ತಿರವೇ 15 ಆಂಪಿಯರ್‌ನ ಫ್ಯೂಸ್ ಇದ್ದಿದ್ದರೆ ವೈರ್ ತಗಡಿಗೆ ತಗಲಿದ ಕೂಡಲೇ ಅದು ಹೋಗಿ, ದೀಪವಷ್ಟೇ ಆರುತ್ತಿತ್ತು. ಕೆಲವೇ ರೂಪಾಯಿಯ ವಸ್ತು! ಅದನ್ನು ಬಿಟ್ಟವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಪಕ್ಕದ ಮೂಲ ವೈರಿಂಗ್ ಕೂಡ ಅಂಟಿಕೊಂಡು ಸುಟ್ಟಿತ್ತು. ಅದನ್ನು ಸರಿಪಡಿಸಿದ ಮೂಡಿಗೆರೆಯ ಮೇಸ್ತ್ರಿಯವರು ರಿಲೇಯನ್ನು ಬಾನೆಟ್ಟಿನೊಳಗೆ, ಬ್ಯಾಟರಿಯ ಪಕ್ಕಕ್ಕೆ ತಂದರು. ರಿಲೇಯ 30ನೇ ಪಿನ್ನಿಗೆ ಫ್ಯೂಸ್ ದಾಟಿ ಬಂದ 2.5 ಚದರ ಮಿಲಿಮೀಟರ್ ವೈರ್, 87ರಿಂದ ದೀಪಗಳಿಗೆ, 85 ಮತ್ತು 86 ಸ್ವಿಚ್ಚಿಗೂ ಅರ್ತಿಗೂ (ಅಂದರೆ ಕಾರಿನ ತಗಡಿಗೂ). ಈಗ ಒಳಗೆ ಬರುವುದು ಸ್ವಿಚ್ಚಿನ ಸಣ್ಣ ವೈರ್ ಮಾತ್ರ, ಅದಕ್ಕೂ ಬೇರೆ ಫ್ಯೂಸ್ ಇದೆ, ರಂಧ್ರಕ್ಕೆ ರಬ್ಬರ್ ಬುಷ್ ಇದೆ. ಅರ್ತ್ ಕೊಡುವ ಜಾಗದ ಬಣ್ಣವನ್ನು ಕೆರೆದು ಬೋಲ್ಟ್ ಬಿಗಿದರು.

ನೀವು ಈಗಾಗಲೇ ದೀಪ ಹಾಕಿಸಿದ್ದರೆ ಘಾಟಿ ಇಳಿಯುವ ಮುನ್ನ ಬಾನೆಟ್ ಎತ್ತಿ, ಬ್ಯಾಟರಿಯ ಪಾಸಿಟಿವ್ ತುದಿಯಿಂದ ದೀಪಕ್ಕೆಂದು ಹೊರಟ ವೈರಿನ ಜಾಡು ಹಿಡಿದು ನೋಡಿ. ಒಂದು ಗೇಣಿನೊಳಗೆ ಫ್ಯೂಸ್ ಕಾಣದಿದ್ದರೆ ನೆಗೆಟಿವ್ ಕಳಚಿ, ಆ ವೈರನ್ನು ಬಿಡಿಸಿ, ತುದಿಗೆ ಟೇಪ್ ಸುತ್ತಿಡಿ. ಹತ್ತನೇ ನಂಬರಿನ ಸ್ಪ್ಯಾನರ್ ಒಂದು ಕಾರಿನಲ್ಲೇ ಇರಲಿ.