ದುಬೈ ವಿಮಾನ ನಿಲ್ದಾಣ: ಊರಿಗೂ ದುಡಿಮೆಗೂ ನಡುವಿನ ದಾರಿ

ದುಬೈ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಬಗ್ಗೆ ಓದಲು ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಮೂರನೇ ಟರ್ಮಿನಲ್‌ನಲ್ಲಿ ವಿಮಾನ ಬದಲಿಸುತ್ತಾ ಮೂರ್ನಾಲ್ಕು ಗಂಟೆ ಕಳೆದವರು ಬರೆದವು. ನೆಲ ಹೊಳೆಯುತ್ತದೆ, ಡ್ಯೂಟಿ ಫ್ರೀ ಅಂಗಡಿ ದೊಡ್ಡದು, ಕಾಫಿ ದುಬಾರಿ, ಅಲ್ಲಿಗೆ ಮುಗಿಯಿತು. ನಾನು ಇದೇ ಊರಿನಲ್ಲಿ ದುಡಿಯುತ್ತಾ ಉಡುಪಿಗೂ ದುಬೈಗೂ ನಡುವೆ ವರ್ಷಾನುಗಟ್ಟಲೆ ಓಡಾಡಿದವನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದಾಟಿ ಹೋಗುವವರಿಗೆ ಇಷ್ಟು ಒಳ್ಳೆಯ ನಿಲ್ದಾಣ ಸಿಗುವುದು ಕಷ್ಟ. ಇಲ್ಲೇ ಇಳಿದು ಬದುಕುವವರಿಗೆ, ಅದರಲ್ಲೂ ಕಡಿಮೆ ದರದ ಟಿಕೆಟಿನಲ್ಲಿ ಬರುವವರಿಗೆ, ಅಷ್ಟೇ ಮುತುವರ್ಜಿ ಇನ್ನೂ ಸಿಕ್ಕಿಲ್ಲ.

ಈ ನಿಲ್ದಾಣಕ್ಕೆ ಅದು ಇರುವ ದೇಶಕ್ಕಿಂತ ಹನ್ನೊಂದು ವರ್ಷ ಹೆಚ್ಚು ವಯಸ್ಸು. ಸಂಯುಕ್ತ ಅರಬ್ ಎಮಿರೇಟ್ಸ್ ಹುಟ್ಟಿದ್ದು 1971ರ ಡಿಸೆಂಬರಿನಲ್ಲಿ. ದುಬೈನ ಅಂದಿನ ದೊರೆ ಶೇಖ್ ರಶೀದ್ ಬಿನ್ ಸಯೀದ್ ಅಲ್ ಮಕ್ತೂಮ್ ಕಟ್ಟಿಸಿದ ನಿಲ್ದಾಣ ತೆರೆದದ್ದು 1960ರ ಸೆಪ್ಟೆಂಬರಿನಲ್ಲಿ, ಮರಳನ್ನು ಒತ್ತಿ ಗಟ್ಟಿ ಮಾಡಿದ ರನ್‌ವೇಯೊಂದಿಗೆ. ಡಾಂಬರಿನ ರನ್‌ವೇ ಬಂದದ್ದು 1965ರಲ್ಲಿ, ದುಬೈಗೆ ತೈಲ ಸಿಕ್ಕಿದ್ದು ಅದರ ಮರುವರ್ಷ. ಎಲ್ಲವೂ ಎಣ್ಣೆಯ ದುಡ್ಡು ಎಂದು ಊರಿನಲ್ಲಿ ಹಗುರವಾಗಿ ಮಾತನಾಡುವವರಿಗೆ ನಾನು ಈ ಇಸವಿಗಳನ್ನು ಹೇಳುತ್ತಿರುತ್ತೇನೆ. ಯಾವ ದೇಶದ ವಿಮಾನವಾದರೂ ಬರಲಿ ಎಂಬ ನೀತಿಯಿಂದ ಈ ಊರು ಬೆಳೆಯಿತು. 1980ರ ದಶಕದ ನಡುವೆ ಗಲ್ಫ್ ಏರ್ ವಿಮಾನ ಸಂಸ್ಥೆ ಇಲ್ಲಿಗೆ ತನ್ನ ಹಾರಾಟಗಳನ್ನು ಕಡಿತಗೊಳಿಸಿದಾಗ ದುಬೈ ಎಮಿರೇಟ್ಸ್ ಎಂಬ ತನ್ನದೇ ಸಂಸ್ಥೆ ಕಟ್ಟಿತು. 1985ರ ಅಕ್ಟೋಬರಿನಲ್ಲಿ ಪಾಕಿಸ್ತಾನದಿಂದ ಬಾಡಿಗೆಗೆ ತಂದ ವಿಮಾನದಲ್ಲಿ ಎಮಿರೇಟ್ಸ್ ಮೊದಲು ಹಾರಿದ್ದು ಕರಾಚಿಗೆ, ಅದರ ಬೆನ್ನಿಗೇ ಮುಂಬೈಗೆ. ಲಂಡನ್, ಪ್ಯಾರಿಸ್ ಎಲ್ಲ ಆಮೇಲೆ.

ಆ ಲೆಕ್ಕ ಇವತ್ತಿಗೂ ಬದಲಾಗಿಲ್ಲ. 2014ರಲ್ಲಿ ಅಂತರರಾಷ್ಟ್ರೀಯ ಪ್ರಯಾಣಿಕರ ಸಂಖ್ಯೆಯಲ್ಲಿ ಲಂಡನ್ನಿನ ಹೀಥ್ರೂವನ್ನು ಹಿಂದಿಕ್ಕಿದ ಈ ನಿಲ್ದಾಣ 2024ರಲ್ಲಿ 9.23 ಕೋಟಿ ಜನರನ್ನು ಸಾಗಿಸಿತು. ಅವರಲ್ಲಿ ಸುಮಾರು 1.2 ಕೋಟಿ ಜನ ಭಾರತದ ಹಾರಾಟಗಳವರು. ಬೇರೆ ಯಾವ ದೇಶವೂ ನಮ್ಮಷ್ಟು ದೊಡ್ಡ ಪಾಲು ಕೊಡುವುದಿಲ್ಲ. ರಾತ್ರಿ ಒಂದು ಗಂಟೆಗೆ ಇಲ್ಲಿರುವ ಜನಜಂಗುಳಿ ಮಧ್ಯಾಹ್ನ ಒಂದಕ್ಕೆ ಇರುವುದಿಲ್ಲ. ಏಷ್ಯಾದ ಊರುಗಳಿಂದ ಹೊರಟ ವಿಮಾನಗಳು ನಡುರಾತ್ರಿಯ ಸುಮಾರಿಗೆ ಒಂದರ ಹಿಂದೊಂದು ಇಳಿಯುತ್ತವೆ, ಒಂದೆರಡು ತಾಸಿನಲ್ಲಿ ಅದೇ ಜನ ಯುರೋಪಿಗೂ ಆಫ್ರಿಕಾಕ್ಕೂ ಹಂಚಿಹೋಗುತ್ತಾರೆ. ಬೆಂಗಳೂರಿನಲ್ಲಿ ಊಟ ಮುಗಿಸಿ ಹೊರಟವರು ಮರುದಿನ ಮಧ್ಯಾಹ್ನದೊಳಗೆ ನೈರೋಬಿಯಲ್ಲೋ ಮ್ಯಾಂಚೆಸ್ಟರಿನಲ್ಲೋ ಇರುವುದು ಈ ಹೊಂದಾಣಿಕೆಯಿಂದ. ಇದನ್ನು ದಿನವೂ ತಪ್ಪದೆ ನಡೆಸುವುದು ಸಣ್ಣ ಕೆಲಸವಲ್ಲ, ನನಗೆ ಅದರ ಮೇಲೆ ನಿಜವಾದ ಗೌರವವಿದೆ.

ಕರಾವಳಿಯವರ ಮಟ್ಟಿಗೆ ಈ ನಂಟು ನೆಟ್ಟಗೆ ಕೂಡಿದ್ದು 2006ರಲ್ಲಿ, ಮಂಗಳೂರಿನ ಬಜಪೆ ನಿಲ್ದಾಣದಿಂದ ನೇರ ವಿಮಾನ ಶುರುವಾದ ಮೇಲೆ. ಅದಕ್ಕೂ ಮೊದಲು ರಾತ್ರಿ ಬಸ್ಸಿನಲ್ಲೋ ಕೊಂಕಣ ರೈಲಿನಲ್ಲೋ ಮುಂಬೈಗೆ ಹೋಗಿ, ನೆಂಟರ ಖೋಲಿಯಲ್ಲಿ ಕಾದು, ಅಲ್ಲಿಂದ ವಿಮಾನ ಹತ್ತಬೇಕಿತ್ತು. ರಜೆಯ ಮೂರು ನಾಲ್ಕು ದಿನ ದಾರಿಯಲ್ಲೇ ಕರಗುತ್ತಿತ್ತು. ಈಗ ನಾಲ್ಕು ತಾಸಿನೊಳಗೆ ಮಂಗಳೂರು. ಹೋದವನು ಎರಡು ವರ್ಷ ಬರುವುದಿಲ್ಲ ಎಂದು ಕಣ್ಣೊರೆಸಿಕೊಂಡು ಕಳುಹಿಸುತ್ತಿದ್ದ ಮನೆಗಳಲ್ಲಿ, ತಂಗಿಯ ಸೀಮಂತಕ್ಕೆ ಶುಕ್ರವಾರ ಬಂದು ಭಾನುವಾರ ಮರಳುವವರನ್ನು ನಾನು ಕಂಡಿದ್ದೇನೆ.

ಲಗೇಜಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಊರಿಗೆ ಹೊರಡುವವರಿಗೆ ಅದೇ ಮುಖ್ಯ. ರಟ್ಟಿನ ಪೆಟ್ಟಿಗೆಗೆ ಅಡ್ಡ ಉದ್ದ ನೈಲಾನ್ ಹಗ್ಗ ಬಿಗಿದು, ಗಂಟಿನ ಪಕ್ಕದಲ್ಲಿ ದಪ್ಪ ಮಾರ್ಕರಿನಿಂದ ಹೆಸರು, ಊರು, ಫೋನ್ ನಂಬರ್ ಬರೆದು, ಅದರ ಮೇಲೆ ಅಂಟುಪಟ್ಟಿ ಸುತ್ತುವುದು ಗಲ್ಫಿನ ಹಳೆಯ ರೂಢಿ. ಕಂಬಳಿಯಲ್ಲಿ ಸುತ್ತಿದ ಉರುಟು ಗಂಟುಗಳೂ ಇರುತ್ತಿದ್ದವು. 2017ರ ಮಾರ್ಚ್‌ನಲ್ಲಿ ನಿಲ್ದಾಣವು ಲಗೇಜಿಗೆ ಒಂದು ಬದಿಯಾದರೂ ಸಪಾಟಾಗಿರಬೇಕು, ಉರುಟಾದವನ್ನು ತೆಗೆದುಕೊಳ್ಳುವುದಿಲ್ಲ ಎಂಬ ನಿಯಮ ತಂದಿತು. ಬೆಲ್ಟಿನ ಮೇಲೆ ಉರುಳುವ ಗಂಟು ಇಡೀ ಸಾಲನ್ನೇ ನಿಲ್ಲಿಸಿಬಿಡುತ್ತದೆ ಎಂಬುದು ಅದರ ಕಾರಣ. ನಿಯಮ ಸರಿಯಾದದ್ದೇ. ಆದರೆ ಕಟ್ಟಡ ಕೆಲಸದ ಹುಡುಗರು ಕೌಂಟರಿನ ಪಕ್ಕದಲ್ಲಿ ಕುಳಿತು, ಅಮ್ಮನಿಗೆಂದು ತೆಗೆದ ಕಂಬಳಿಯನ್ನೂ ಮಕ್ಕಳ ಬಟ್ಟೆಯನ್ನೂ ಮತ್ತೆ ಪೆಟ್ಟಿಗೆಗೆ ತುಂಬುವುದನ್ನು ನೋಡಿದಾಗ ಹೊಟ್ಟೆ ಚುರುಕ್ಕೆನ್ನುತ್ತದೆ. ನಿಮ್ಮ ಪರಿಚಯದವರು ಮೊದಲ ಸಲ ಹೊರಡುವವರಿದ್ದರೆ ಇದನ್ನು ಹೇಳಿಡಿ. ಊರಿನಿಂದ ಬರುವವರಿಗೆ ಇನ್ನೂ ಒಂದು ಮಾತು: ಪಾಯಸಕ್ಕೆಂದು ಗಸಗಸೆ ಕಟ್ಟಿಕೊಂಡು ಬರಬೇಡಿ. ಇಲ್ಲಿ ಅದು ನಿಷಿದ್ಧ ವಸ್ತು, ಚಿಟಿಕೆಯಷ್ಟಿದ್ದರೂ ತೊಂದರೆ.

ಇಮಿಗ್ರೇಷನ್ ಬಗ್ಗೆ ಹೊಗಳುವುದೇ ಇದೆ. ಇಲ್ಲಿ ವಾಸದ ವೀಸಾ ಇರುವವರು ಸ್ಮಾರ್ಟ್ ಗೇಟಿನಲ್ಲಿ ಮುಖ ತೋರಿಸಿ ಕ್ಷಣಗಳಲ್ಲಿ ಹೊರಗೆ ಬರುತ್ತಾರೆ. ಮಕ್ಕಳೇ ತಮ್ಮ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಳ್ಳಲು ಪುಟ್ಟ ಕೌಂಟರುಗಳಿವೆ. ಗೇಟುಗಳ ಕಡೆಗೆ ಮಾತ್ರ ಬೇಗ ಹೊರಡಿ, ನಡಿಗೆ ತುಂಬಾ ಉದ್ದ. ಒಂದು ಮತ್ತು ಮೂರನೇ ಟರ್ಮಿನಲ್‌ಗಳಲ್ಲಿ ಕೆಲವು ಗೇಟುಗಳಿಗೆ ಒಳಗಿನ ರೈಲಿನಲ್ಲೇ ಹೋಗಬೇಕು. ಹೆಸರು ಹಿಡಿದು ಕೂಗಿ ಕರೆಯುವ ಪದ್ಧತಿ ಇಲ್ಲಿಲ್ಲ, ಫಲಕ ನೋಡುತ್ತಿರಬೇಕು. ಓದು ಬಾರದ ಹಿರಿಯರನ್ನು ಒಬ್ಬರನ್ನೇ ಕಳುಹಿಸುವುದಾದರೆ ಗಾಲಿಕುರ್ಚಿಯ ನೆರವನ್ನು ಟಿಕೆಟ್ ಮಾಡುವಾಗಲೇ ಕೇಳಿ.

ಇನ್ನು ನನ್ನ ತಕರಾರು. ಕೆಂಪು ಮಾರ್ಗದ ಮೆಟ್ರೊ 2009ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಒಂದು ಮತ್ತು ಮೂರನೇ ಟರ್ಮಿನಲ್‌ಗಳ ಬಾಗಿಲಿಗೇ ಅದರ ನಿಲ್ದಾಣಗಳಿವೆ. ರನ್‌ವೇಗಳ ಆಚೆ ಬದಿಯ ಎರಡನೇ ಟರ್ಮಿನಲ್‌ಗೆ ಇಲ್ಲ. ಕಡಿಮೆ ದರದ ಫ್ಲೈದುಬೈ ಸಂಸ್ಥೆ ನೆಲೆಯೂರಿರುವುದು ಅಲ್ಲಿ, ಊರಿನ ಅಗ್ಗದ ವಿಮಾನಗಳಲ್ಲಿ ಬಂದ ನಮ್ಮವರು ಬಹುಕಾಲ ಇಳಿದದ್ದೂ ಅಲ್ಲೇ. ಮೆಟ್ರೊ ಇರುವ ಕಡೆಯೂ ನಡುರಾತ್ರಿಯ ಸುಮಾರಿಗೆ ಅದು ನಿಂತುಹೋಗುತ್ತದೆ, ನಿಲ್ದಾಣ ತುಂಬಿ ತುಳುಕುವುದು ಆಗಲೇ. ಏರಿದರೂ ಒಂದು ದೊಡ್ಡ, ಒಂದು ಸಣ್ಣ ಪೆಟ್ಟಿಗೆಗೆ ಮಾತ್ರ ಅವಕಾಶ. ನಿಲ್ದಾಣದ ಟ್ಯಾಕ್ಸಿಯ ಮೀಟರ್ 25 ದಿರ್ಹಮ್‌ನಿಂದ ಆರಂಭ. ತಿಂಗಳಿಗೆ ಸಾವಿರ ಚಿಲ್ಲರೆ ದಿರ್ಹಮ್ ದುಡಿಯುವವನಿಗೆ ಮನೆ ಮುಟ್ಟುವಷ್ಟರಲ್ಲಿ ಇದು ಒಂದೆರಡು ದಿನದ ಸಂಬಳ. ಜಗತ್ತನ್ನೆಲ್ಲ ಹೊತ್ತುಕೊಳ್ಳುವ ನಿಲ್ದಾಣಕ್ಕೆ ರಾತ್ರಿಯಿಡೀ ಓಡುವ ರೈಲನ್ನು ಕೊಡಲು ಸಾಧ್ಯವಿದೆ ಎಂದು ನಾನು ಬಲವಾಗಿ ನಂಬುತ್ತೇನೆ.

ಬೇಸಿಗೆ ರಜೆಯಲ್ಲಿ ಟಿಕೆಟ್ ದರ ಏಕೆ ಹಾಗೆ ಏರುತ್ತದೆ ಎಂದು ಕೇಳುವವರಿಗೆ: ಇದರಲ್ಲಿ ನಿಲ್ದಾಣದ ಕೈ ಕಡಿಮೆ. ಭಾರತಕ್ಕೂ ದುಬೈಗೂ ನಡುವೆ ಒಂದೊಂದು ಕಡೆಯ ಸಂಸ್ಥೆಗಳಿಗೂ ವಾರಕ್ಕೆ ಸುಮಾರು 66 ಸಾವಿರ ಸೀಟುಗಳೆಂದು 2014ರಲ್ಲಿ ಸರ್ಕಾರಗಳು ಮಿತಿ ಹಾಕಿಕೊಂಡವು. ಆಮೇಲೆ ಜನ ಹೆಚ್ಚಿದಷ್ಟು ಸೀಟು ಹೆಚ್ಚಲಿಲ್ಲ. ಬೇಡಿಕೆ ಇರುವ ದಾರಿಯನ್ನು ಹೀಗೆ ಕಿರಿದಾಗಿಡುವುದರಿಂದ ಪೆಟ್ಟು ಬೀಳುವುದು ಮಕ್ಕಳು ಮರಿ ಕಟ್ಟಿಕೊಂಡು ಊರಿಗೆ ಹೊರಡುವ ಸಂಸಾರಗಳಿಗೆ.

ಈ ದಾರಿಯ ಬೆಲೆ ನನಗೆ ಪೂರ್ತಿಯಾಗಿ ಗೊತ್ತಾದದ್ದು 2020ರಲ್ಲಿ. ಮಾರ್ಚ್ ಕೊನೆಗೆ ಪ್ರಯಾಣಿಕರ ವಿಮಾನಗಳೆಲ್ಲ ನಿಂತವು. ಕೆಲಸ ಹೋದವರು, ದಿನ ತುಂಬುತ್ತಿದ್ದ ಗರ್ಭಿಣಿಯರು, ಮಗನ ಮನೆಗೆ ತಿಂಗಳ ಮಟ್ಟಿಗೆ ಬಂದು ಸಿಕ್ಕಿಬಿದ್ದ ಮುದುಕರು ಎಲ್ಲರೂ ಕಾನ್ಸುಲೇಟಿನ ಪಟ್ಟಿಯಲ್ಲಿ ಹೆಸರು ಬರೆಸಿ ಕಾದರು. ಮೇ 12ರಂದು ಮಂಗಳೂರಿಗೆ ಮೊದಲ ವಿಮಾನ ಹೊರಟಿತು. ಇಲ್ಲಿನ ಕನ್ನಡ ಸಂಘಗಳು, ಕರಾವಳಿಯ ಜಮಾತುಗಳು ಅಂದು ಟಿಕೆಟಿಗೂ ಊಟಕ್ಕೂ ಓಡಾಡಿದ ಪರಿಯನ್ನು ನಾನು ಮರೆಯುವವನಲ್ಲ.

ಮುಂದಿನ ದಿನಗಳ ಬಗ್ಗೆ ಆಸೆಯೂ ಇದೆ, ಕಳವಳವೂ ಇದೆ. ಈಗಿನ ಎರಡು ರನ್‌ವೇಗಳು ತೀರ ಅಕ್ಕಪಕ್ಕದಲ್ಲಿರುವುದರಿಂದ ಎರಡನ್ನೂ ಒಂದರ ಹಂಗಿಲ್ಲದೆ ಇನ್ನೊಂದು ಎಂಬಂತೆ ಬಳಸಲಾಗದು. ಸುತ್ತ ಮನೆಗಳಿರುವುದರಿಂದ ಮೂರನೆಯದಕ್ಕೆ ಜಾಗವೂ ಇಲ್ಲ. ಹಾಗಾಗಿ ಎಲ್ಲವನ್ನೂ ಅಲ್ ಮಕ್ತೂಮ್ ನಿಲ್ದಾಣಕ್ಕೆ ಸಾಗಿಸುವ 128 ಶತಕೋಟಿ ದಿರ್ಹಮ್‌ಗಳ ಯೋಜನೆಯನ್ನು 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದ್ದಾರೆ. ಐದು ರನ್‌ವೇ, 400 ಗೇಟು, ವರ್ಷಕ್ಕೆ 26 ಕೋಟಿ ಜನ. ಆದರೆ ನಮ್ಮವರು ಹೆಚ್ಚಾಗಿ ಇರುವುದು ದೇರಾ, ಕರಾಮಾ, ಅಲ್ ಕುಸೈಸ್, ಶಾರ್ಜಾಗಳಲ್ಲಿ. ಹೊಸ ನಿಲ್ದಾಣ ಊರಿನ ಇನ್ನೊಂದು ತುದಿಯ ಮರುಭೂಮಿಯಲ್ಲಿದೆ. ಇಂದಿನ ನಿಲ್ದಾಣಕ್ಕೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಹೊಸದಕ್ಕೂ ಅಷ್ಟೇ ಕೊಡಬೇಕಾದರೆ, ಇಲ್ಲಿನ ವಿಮಾನಗಳೆಲ್ಲ ಅಲ್ಲಿಗೆ ಹೋಗುವ ಮುನ್ನವೇ ದೇರಾದಿಂದ ಅಲ್ಲಿಗೆ ಮೆಟ್ರೊ ಓಡಬೇಕು, ರಾತ್ರಿಯೂ ಓಡಬೇಕು.