ಸುವರ್ಣ ಚತುಷ್ಪಥದ ಕೊನೆಗೆ ಒಂದು ಬಾಳೆಎಲೆ: ಮಾಟುಂಗದ ರಾಮ ನಾಯಕರ ಉಡುಪಿ ಊಟ

ಮುಂಬೈಯಿಂದ ಹೊರಟು ಸೂರತ್, ಉದಯಪುರ, ಜೈಪುರಗಳ ಮೇಲೆ ದೆಹಲಿಗೆ, ಅಲ್ಲಿಂದ ಕಾನ್ಪುರ, ವಾರಾಣಸಿ ಹಾದು ಕೋಲ್ಕತ್ತಾಕ್ಕೆ, ಆಮೇಲೆ ಬಂಗಾಳ ಕೊಲ್ಲಿಯ ಅಂಚು ಹಿಡಿದು ಚೆನ್ನೈಗೆ, ಕೊನೆಗೆ ಬೆಂಗಳೂರು, ಹುಬ್ಬಳ್ಳಿ, ಪುಣೆಯ ದಾರಿಯಲ್ಲಿ ಮತ್ತೆ ಮುಂಬೈಗೆ: 5,846 ಕಿ.ಮೀ. ಉದ್ದದ ಸುವರ್ಣ ಚತುಷ್ಪಥವನ್ನು ನಾವು ನಾಲ್ವರು ಗೆಳೆಯರು ಒಂದೇ ಕಾರಿನಲ್ಲಿ 17 ದಿನಗಳಲ್ಲಿ ಸುತ್ತಿ ಬಂದೆವು. ನಾಲ್ವರೂ ಮುಂಬೈಯಲ್ಲಿ ನೆಲೆಸಿದ ಕನ್ನಡಿಗರೇ. ಹೊರಡುವ ಮೊದಲು ಯಾವ ಊರಿನಲ್ಲಿ ತಂಗಬೇಕು, ಯಾರು ಎಷ್ಟು ಹೊತ್ತು ಓಡಿಸಬೇಕು ಎಂದು ವಾರಗಟ್ಟಲೆ ವಾದಿಸಿದ್ದೆವು. ಕೊನೆಯ ನಿಲುಗಡೆಯ ವಿಷಯದಲ್ಲಿ ಮಾತ್ರ ಎರಡು ಮಾತು ಬರಲಿಲ್ಲ. ಅದು ಮಾಟುಂಗದ ಎ. ರಾಮ ನಾಯಕ್ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್.

ಈ ಊಟದ ಮನೆ ಸೋಮವಾರ ಮುಚ್ಚಿರುತ್ತದೆ. ನಮ್ಮ ಮೂಲ ಲೆಕ್ಕದಲ್ಲಿ ಮುಂಬೈ ಸೇರುವುದು ಸೋಮವಾರ ಮಧ್ಯಾಹ್ನವೇ ಆಗಿತ್ತು. ಚಿತ್ರದುರ್ಗದ ಬಳಿ ಯಾರಿಗೋ ಇದು ನೆನಪಾದದ್ದು ದೊಡ್ಡ ಪುಣ್ಯ. ಬೆಳಗಾವಿಯಲ್ಲಿ ಒಂದು ದಿನ ಸುಧಾರಿಸಿಕೊಳ್ಳುವ ಆಸೆಯನ್ನು ಅಲ್ಲಿಯೇ ಬಿಟ್ಟು, ಶುಕ್ರವಾರ ರಾತ್ರಿ ಹುಬ್ಬಳ್ಳಿಯಲ್ಲಿ, ಶನಿವಾರ ರಾತ್ರಿ ಪುಣೆಯಲ್ಲಿ ಮಲಗಿ, ಭಾನುವಾರ ಬೆಳಿಗ್ಗೆ ಏಳಕ್ಕೆ ಗಾಡಿ ಹತ್ತಿದೆವು. ಬೆಳಗಾವಿಯಲ್ಲಿ ತಿನ್ನಬೇಕಿದ್ದ ಕುಂದಾ ಡಬ್ಬಿಯಲ್ಲಿ ಬಂತು.

ಕೊನೆಯ ದಿನದ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಖಂಡಾಲಾ ಘಾಟಿನ ಲಾರಿಗಳ ಸಾಲು, ಕಳಂಬೋಳಿಯಲ್ಲಿ ಮುಗಿಯುವ ಎಕ್ಸ್‌ಪ್ರೆಸ್‌ವೇ, ವಾಶಿಯ ಸೇತುವೆ, ಚೆಂಬೂರು, ಸಯಾನ್: ಮುಂಬೈ ಕನ್ನಡಿಗರಿಗೆ ಇದು ಊರಿಗೆ ಹೋಗಿ ಬರುವ ಮಾಮೂಲು ದಾರಿ. ಆ ದಿನದ ವಿಚಿತ್ರವೆಂದರೆ, ಅಷ್ಟು ದಿನ ಬಿಡುವಿಲ್ಲದೆ ಹರಟಿದ್ದ ನಾವು ವಾಶಿ ದಾಟಿದ ಮೇಲೆ ಯಾರೂ ಬಾಯಿ ತೆರೆಯಲಿಲ್ಲ. ಮುಗಿದುಹೋಯಿತಲ್ಲ ಎಂಬ ಬೇಸರವೋ, ಮುಗಿಯಿತಪ್ಪ ಎಂಬ ಸಮಾಧಾನವೋ, ನನಗೆ ಈಗಲೂ ಬಗೆಹರಿದಿಲ್ಲ.

ಮಾಟುಂಗದಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದು ಇಡೀ ಪ್ರವಾಸದ ಕಠಿಣ ಘಟ್ಟಗಳಲ್ಲಿ ಒಂದು ಎಂದರೆ ಅತಿಶಯೋಕ್ತಿಯಲ್ಲ. ಕಿಂಗ್ಸ್ ಸರ್ಕಲ್ ಸುತ್ತ ಎರಡು ಸುತ್ತು ಹಾಕಿ, ಒಳಗಿನ ಗಲ್ಲಿಯೊಂದರಲ್ಲಿ ನಿಲ್ಲಿಸಿ, ಹೂವಿನ ಅಂಗಡಿಗಳ ಮುಂದೆ ನಡೆದು ಬಂದೆವು. ಮಲ್ಲಿಗೆಯ ದಂಡೆ, ಕಟ್ಟು ಕಟ್ಟಿಟ್ಟ ಬಾಳೆಎಲೆ, ಆಗತಾನೆ ಬೀಸಿದ ಕಾಫಿಪುಡಿಯ ವಾಸನೆ, ಇವಿಷ್ಟೇ ಸಾಕು, ಊರು ಬಂತೆಂದು ಮೂಗಿಗೆ ತಿಳಿಯುತ್ತದೆ. ಹೋಟೆಲು ಇರುವುದು ಮಧ್ಯ ರೈಲ್ವೆಯ ಮಾಟುಂಗ ನಿಲ್ದಾಣದ ಪಕ್ಕದಲ್ಲಿಯೇ, ಮಾರುಕಟ್ಟೆ ಕಟ್ಟಡದ ಮಹಡಿಯಲ್ಲಿ. 1942ರಲ್ಲಿ ಆರಂಭವಾದ ಇದರ ಹೆಸರಿನಲ್ಲಿ ಬೋರ್ಡಿಂಗ್ ಎಂಬ ಹಳೆಯ ಮಾತು ಇನ್ನೂ ಉಳಿದಿದೆ. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬೊಂಬಾಯಿಗೆ ದುಡಿಯಲು ಬಂದವರು ನಿತ್ಯದ ಊಟಕ್ಕೆ ನಂಬಿಕೊಂಡಿದ್ದ ಮನೆಗಳನ್ನು ನೆನಪಿಸುವ ಮಾತು ಅದು.

ವ್ಯವಸ್ಥೆ ಸರಳವಾಗಿದೆ. ಮೊದಲು ದುಡ್ಡು ಕೊಟ್ಟು ಕೂಪನ್ ಪಡೆಯಬೇಕು, ಸರದಿ ಬಂದಾಗ ಒಳಗೆ ಹೋಗಿ ಸಿಕ್ಕ ಕುರ್ಚಿಯಲ್ಲಿ ಕೂರಬೇಕು. ತಟ್ಟೆಯಲ್ಲಿ ಮಿತ ಊಟ, ಎಲೆಯ ಮೇಲೆ ಬೇಕಾದಷ್ಟು ಊಟ ಎಂಬ ಎರಡು ಬಗೆಗಳಿವೆ. ನಾವು ಎಲೆಯನ್ನೇ ಆರಿಸಿದೆವು. ಭಾನುವಾರವಾದ್ದರಿಂದ ಕಾಯುವಿಕೆ ಸ್ವಲ್ಪ ಹೆಚ್ಚೇ ಇತ್ತು, ಆದರೆ ಟೋಲ್ ನಾಕಾಗಳಲ್ಲಿ ಕಾದು ಪಳಗಿದವರಿಗೆ ಅದೇನೂ ದೊಡ್ಡದಲ್ಲ.

ಎಲೆಗೆ ನೀರು ಚಿಮುಕಿಸಿ ಅಂಗೈಯಿಂದ ಒರೆಸುವಾಗ ನನ್ನ ಬಲಗೈಯ ಹೆಬ್ಬೆರಳಿನ ಬುಡ ಸ್ಟೇರಿಂಗ್ ಹಿಡಿದು ಹಿಡಿದು ಗಟ್ಟಿಯಾಗಿರುವುದು ಕಣ್ಣಿಗೆ ಬಿತ್ತು. ಪಲ್ಯಗಳು ಬಂದವು, ಪೂರಿ, ಹಪ್ಪಳ, ಉಪ್ಪಿನಕಾಯಿ ಬಂದವು. ಅವುಗಳಿಗೆ ಮರ್ಯಾದೆ ಕೊಟ್ಟು ತಿಂದೆವಾದರೂ ಮನಸ್ಸು ಅನ್ನದ ಮೇಲಿತ್ತು. ಬಿಸಿ ಅನ್ನದ ಗುಡ್ಡೆಯ ನಡುವೆ ಗುಳಿ ಮಾಡಿ ಸಾರು ಹುಯ್ಯಿಸಿಕೊಂಡಾಗ ಅದು ಒಡ್ಡು ಒಡೆದು ಎಲೆಯ ಅಂಚಿನತ್ತ ಹರಿಯಿತು. ಅದನ್ನು ಬೆರಳುಗಳಿಂದ ಒತ್ತರಿಸಿ ತರುವ ಚಾಳಿಯನ್ನು 17 ದಿನಗಳ ರೊಟ್ಟಿ, ಪರಾಠಾ, ಪನೀರುಗಳು ಕೈಯಿಂದ ಮರೆಸಿರಲಿಲ್ಲ. ಸಾರು ತಿಳಿಯಾಗಿತ್ತು, ಹುಳಿ ಮೊದಲು, ಮೆಣಸಿನ ಖಾರ ಗಂಟಲಿನಲ್ಲಿ ಆಮೇಲೆ. ಉತ್ತರದ ಹೆದ್ದಾರಿಯ ಒಂದು ಢಾಬಾದಲ್ಲಿ ಹೊಟ್ಟೆ ಕೆಡಿಸಿಕೊಂಡು, ಒಡಿಶಾ ದಾಟುವವರೆಗೂ ಬಿಸ್ಕತ್ತಿನಲ್ಲಿ ದಿನ ದೂಡಿದ್ದ ಧಾರವಾಡದ ಗೆಳೆಯ ಎರಡನೆಯ ಲೋಟ ಮಜ್ಜಿಗೆ ಇಳಿಸಿ, "ಈಗ ನೋಡ್ರೆಪಾ ಹೊಟ್ಟಿ ಮನಿಗೆ ಬಂತು" ಎಂದ.

ಪ್ರವಾಸದ ಅತ್ಯುತ್ತಮ ತಿಂಡಿ ಯಾವುದು ಎಂದು ಕೇಳಿದರೆ ನಾನು ದಾವಣಗೆರೆಯ ಬೆಣ್ಣೆದೋಸೆಯನ್ನೇ ಹೇಳುತ್ತೇನೆ. ಎಲೆಯ ಮೇಲೆ ಬೆರಗು ಹುಟ್ಟಿಸಿದ್ದು ವಿಜಯವಾಡದ ಗೋಂಗೂರ ಮತ್ತು ತುಪ್ಪ ಬೆರೆಸಿದ ಪಪ್ಪು. ಮಾಟುಂಗದ ಊಟ ಇವುಗಳ ಜೊತೆ ಸ್ಪರ್ಧೆಗೆ ಇಳಿಯುವಂಥದ್ದಲ್ಲ. ಬೆರಗಾಗಲು ತ್ರಾಣವೇ ಉಳಿಯದ ದಿನ ತಿನ್ನಬೇಕಾದ ಊಟ ಇದು, ಮತ್ತು ಆ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡುವ ಜಾಗ ನಾನು ಕಂಡಿಲ್ಲ. ಕುಳಿತು ಪ್ರವಾಸದ ಚಿತ್ರಗಳನ್ನು ತಿರುವಿ ಹಾಕುತ್ತ ಸಂಜೆ ಮಾಡುವವರು ಬೇರೆ ಕಡೆ ಹೋಗುವುದು ಒಳ್ಳೆಯದು. ಇಲ್ಲಿ ಹಿಂದೆ ನಿಂತವರ ಹಸಿವಿಗೂ ಬೆಲೆಯಿದೆ. ಅಡುಗೆಮನೆಯನ್ನು ಅತಿಥಿಗಳು ನೋಡಬಹುದೆಂಬ ಪದ್ಧತಿಯೂ ಇದೆ, ನಮಗೆ ಮಾತ್ರ ಎದ್ದು ನಡೆಯುವ ಚೈತನ್ಯವಿರಲಿಲ್ಲ.

ಬಡಿಸುತ್ತಿದ್ದ ಹಿರಿಯರು ನಮ್ಮ ಕನ್ನಡ ಕೇಳಿ, "ಊರಿಂದ ಬಂದ್ರಾ?" ಎಂದು ವಿಚಾರಿಸಿದರು. ದೆಹಲಿ, ಕೋಲ್ಕತ್ತಾ, ಚೆನ್ನೈ ಎಂದು ನಮ್ಮವನೊಬ್ಬ ಹೆಮ್ಮೆಯಿಂದ ಪಟ್ಟಿ ಒಪ್ಪಿಸಿದ. ಅವರು ಅದನ್ನು ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ಅನ್ನ ಇನ್ನು ಸ್ವಲ್ಪ ಹಾಕ್ತೇನೆ" ಎಂದು ಹಾಕಿಯೇ ಬಿಟ್ಟರು.

ಹೋಗುವವರಿಗೆ ನನ್ನ ಸಲಹೆ ಇಷ್ಟೇ: ಸೋಮವಾರ ಬೇಡ, ಭಾನುವಾರವಾದರೆ ಹನ್ನೊಂದರ ಸುಮಾರಿಗೆ ತಲುಪಿ, ಸಾಧ್ಯವಿದ್ದರೆ ಲೋಕಲ್ ರೈಲಿನಲ್ಲಿ ಬನ್ನಿ. ಡೊಂಬಿವಲಿಯಲ್ಲಿ ಮನೆ ಮಾಡಿರುವ ಧಾರವಾಡದ ಗೆಳೆಯ ಕೈ ತೊಳೆದು ಬಂದವನು ಇನ್ನೊಮ್ಮೆ ಕಾರು ಹತ್ತಲು ಖಡಾಖಂಡಿತವಾಗಿ ಒಪ್ಪಲಿಲ್ಲ. ಮೆಟ್ಟಿಲಿಳಿದು ನೇರವಾಗಿ ನಿಲ್ದಾಣಕ್ಕೆ ನಡೆದು ಸ್ಲೋ ಲೋಕಲ್ ಹಿಡಿದ. ಅವನ ಬಟ್ಟೆಯ ಚೀಲ ಮತ್ತು ಬೆಳಗಾವಿಯ ಕುಂದಾ ಡಬ್ಬಿ ನಮ್ಮ ಡಿಕ್ಕಿಯಲ್ಲಿಯೇ ಉಳಿದವು. ಚೀಲವನ್ನು ಮರುವಾರ ತಲುಪಿಸಿದೆವು.